ಗಾಂಧಿ ಗಂಜ್‌ಗೆ ಬಂದ ಬೆಟ್ಟದ ಚಹಾ

ನನಗೆ ಅನುಮಾನದ ಕಾಯಿಲೆ ಇದೆ. ಕಲ್ಲಂಗಡಿ ಕೊಳ್ಳುವಾಗ ಮೂರು ಸಲ ತಟ್ಟಿ ನೋಡುತ್ತೇನೆ, ಆಮೇಲೆ ತಟ್ಟಿದ ನನ್ನ ಕೈಯನ್ನೇ ನಂಬುವುದಿಲ್ಲ. ಮದುವೆ ಊಟದಲ್ಲಿ ಹೋಳಿಗೆ ಎತ್ತಿ ಕೆಳಗೇನಿದೆ ಎಂದು ನೋಡಿ ಹೆಂಡತಿಯಿಂದ ಚಿವುಟಿಸಿಕೊಂಡಿದ್ದೇನೆ. ತಪ್ಪು ಪೂರ್ತಿ ನನ್ನದಲ್ಲ. ಬೀದರಿನ ಕಾಳಿನ ಪೇಟೆ ಗಾಂಧಿ ಗಂಜ್‌ನಲ್ಲಿ ಅಡತಿ ಅಂಗಡಿ ಇಟ್ಟವನು ಚೀಲದ ಬಾಯಲ್ಲಿ ಕಾಣುವ ಕಾಳನ್ನು ನಂಬಿದರೆ ಕೆಟ್ಟ. ಅದಕ್ಕೇ ಕಬ್ಬಿಣದ ಕೊಳವೆ ಚುಚ್ಚಿ ಚೀಲದ ಹೊಟ್ಟೆಯೊಳಗಿನ ಕಾಳು ತೆಗೆದು ನೋಡುವುದು ನಮ್ಮ ಪದ್ಧತಿ.

ಹೀಗಿರುವಾಗ ತಂಗಿಯ ಮಗಳು ಸವಿತಾ, ಕೆಲಸದ ಮೇಲೆ ಚೀನಾಕ್ಕೆ ಹೋಗಿ ಬಂದವಳು, ಕಾಗದ ಸುತ್ತಿದ ಒಂದು ಕಪ್ಪು ಬಿಲ್ಲೆಯನ್ನು ನನ್ನ ಗಾದಿಯ ಮೇಲಿಟ್ಟಳು. ನೋಡಿದರೆ ಎಮ್ಮೆಗೆ ಹಾಕುವ ಹಿಂಡಿ.

“ಹಿಂಡಿ ಅಲ್ರಿ ಮಾಮಾ, ಪು-ಎರ್ ಚಹಾ ಅದ,” ಅಂದಳು.

ಬೆಟ್ಟದ ನೆತ್ತಿಯ ಒಂದು ಹಳ್ಳಿಯದಂತೆ. ಅಲ್ಲಿ ಚಹಾ ಗಿಡವಲ್ಲ, ಅಜ್ಜನ ಕಾಲದ ಮರ. ಬೆಳಿಗ್ಗೆ ಮಂಜು, ರಾತ್ರಿ ಚಳಿ. ಎಲೆ ನಿಧಾನವಾಗಿ ಬೆಳೆದು ರುಚಿ ಕೂಡಿಟ್ಟುಕೊಳ್ಳುತ್ತದೆ. ಅದನ್ನು ಬಾಣಲೆಯಲ್ಲಿ ಹದವಾಗಿ ಬಾಡಿಸಿ, ಹೊಸೆದು, ಬಿಸಿಲಿಗೆ ಒಣಗಿಸುತ್ತಾರೆ. ಆಮೇಲೆ ರಾಶಿ ಹಾಕಿ, ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ವಾರಗಟ್ಟಲೆ ಬೆಚ್ಚಗೆ ಮಾಗಿಸಿ, ಉಗಿಯಲ್ಲಿ ಮೆತ್ತಗಾಗಿಸಿ ಒತ್ತುತ್ತಾರೆ. ಪಕ್ಕದ ಬೆಟ್ಟದ ಚಹಾಕ್ಕೆ ಈ ರುಚಿ ಬರುವುದಿಲ್ಲವಂತೆ. ಹಳೆಯದಾದಷ್ಟೂ ಬೆಲೆ ಏರುತ್ತದಂತೆ.

ನನ್ನ ಕಿವಿ ನೆಟ್ಟಗಾಯಿತು. ನಮ್ಮಲ್ಲಿ ನೀರು ಬಿದ್ದು ಬೆಚ್ಚಗಾದ ರಾಶಿಯನ್ನು ಮೂಗು ಮುಚ್ಚಿಕೊಂಡು ವಾಪಸ್ಸು ಕಳಿಸುತ್ತೇವೆ. ಹಳೇ ಮಾಲನ್ನು ಕತ್ತಲ ಮೂಲೆಗೆ ತಳ್ಳುತ್ತೇವೆ. ಇವರು ಎರಡನ್ನೂ ಗುಣವೆಂದು ಮಾರುತ್ತಾರೆ! ಕೊಳವೆ ತಂದು ಬಿಲ್ಲೆಯ ಮಧ್ಯಕ್ಕೆ ಚುಚ್ಚಿದೆ. ಬಿಲ್ಲೆ ಎರಡು ಹೋಳಾಯಿತು. ಸವಿತಾಳ ಮುಖ ಸಣ್ಣದಾಯಿತು. ಒಳಗೂ ಎಲೆಯೇ ಇತ್ತು, ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಆದರೆ ಒಂದು ಮಾತು ಒಪ್ಪಬೇಕು. ಊರಿನ ನೆಲ ನಾಲಗೆಗೆ ತಿಳಿಯುತ್ತದೆ ಎಂಬುದನ್ನು ನಾನು ಅಲ್ಲಗಳೆಯಲಾರೆ. ನಮ್ಮ ಗಂಜ್ ನಡೆಯುವುದೇ ಆ ನಂಬಿಕೆಯ ಮೇಲೆ. ಔರಾದ ಕಡೆಯ ಎರೆಮಣ್ಣಿನ ತೊಗರಿ ಬೇರೆ, ಬೀದರಿನ ಕೆಂಪು ನೆಲದ್ದು ಬೇರೆ. ಅದನ್ನು ಹೇಳಲೆಂದೇ ಖಾಜಾಮಿಯಾ ಇದ್ದಾರೆ. ನನ್ನ ಹಳೇ ಗೆಳೆಯರು, ಗಂಜ್‌ನ ಮಾಲು ಪರೀಕ್ಷಕರು. ಒಂದು ಕಾಳು ಕಚ್ಚಿ ಅದು ಬೆಳೆದ ಊರು ಹೇಳುತ್ತಾರೆ: “ಡಾಬಕಾ” ಎಂದರೆ ಡಾಬಕಾ, “ಭಾಲ್ಕಿ” ಎಂದರೆ ಭಾಲ್ಕಿ. ಪಕ್ಕದ ಕೊಳಾರದ ದಾಲ್ ಮಿಲ್ಲಿನವರು ಅವರ ಮಾತಿನ ಮೇಲೆ ಲಾರಿ ತುಂಬುತ್ತಾರೆ. ಅವರ ಅನ್ನ, ಮರ್ಯಾದೆ ಎರಡೂ ಆ ನಾಲಗೆಯ ಮೇಲಿವೆ.

ಚೀನಾದ ಬಣ್ಣ ಬಯಲು ಮಾಡಲು ಅವರನ್ನೇ ಕರೆಸಿದೆ. ಒಂದು ಕಪ್ಪಿನಲ್ಲಿ ಬೆಟ್ಟದ ಚಹಾ, ಇನ್ನೊಂದರಲ್ಲಿ ಎದುರಿನ ಹೋಟೆಲಿನ ಮಾಮೂಲಿ ಚಹಾಪುಡಿಯ, ಹಾಲಿಲ್ಲದ ಡಿಕಾಕ್ಷನ್. ಬಣ್ಣ ಎರಡಕ್ಕೂ ಒಂದೇ. ಹಮಾಲರು, ಮಿಲ್ಲಿನ ಗುಮಾಸ್ತ ಎಲ್ಲರೂ ಸುತ್ತ ನೆರೆದರು.

“ಖಾಜಾಭಾಯಿ, ಇದರಾಗ ಪಹಾಡದ್ದು ಯಾವುದು ಹೇಳ್ರಿ.”

ಖಾಜಾಮಿಯಾ ಕಣ್ಣು ಮುಚ್ಚಿ ಎರಡನ್ನೂ ಗುಟುಕರಿಸಿದರು. ಹೋಟೆಲಿನ ಕಪ್ಪನ್ನು ಮುಂದೆ ತಳ್ಳಿ, “ಇದು ನೋಡ್ರಿ ಶರಣಪ್ಪಣ್ಣಾ. ಅಸಲಿ ಮಾಲು,” ಅಂದರು.

ಚೀನಾ ಸಿಕ್ಕಿಬಿತ್ತು ಎಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಹಿಗ್ಗು ಇಳಿಯಿತು. ಬೆಟ್ಟದ ಕಪ್ಪಿನಿಂದ ಏಳುತ್ತಿದ್ದ ನೆಂದ ಮಣ್ಣಿನ ವಾಸನೆ ಮಾರು ದೂರ ಕುಳಿತ ನನ್ನ ಮೂಗಿಗೇ ಬಡಿಯುತ್ತಿತ್ತು. ಖಾಜಾಮಿಯಾಗೆ ಅದು ತಾಕಿರಲೇ ಇಲ್ಲ. ಹೋದ ಚಳಿಗಾಲದ ಜ್ವರದ ನಂತರ ಅವರು ಕಾಳು ಕಚ್ಚುವ ಮೊದಲು ರೈತನಿಗೆ “ಯಾ ಊರ್ರಿ? ಎಲ್ಲಾ ಆರಾಮ?” ಎಂದು ಕೇಳತೊಡಗಿದ್ದು ನೆನಪಾಯಿತು. ಹೋಳಿಗೆಯನ್ನೂ ಬಿಡದ ನಾನು ಈ ಒಂದು ನಾಲಗೆಯನ್ನು ಮಾತ್ರ ಅನುಮಾನಿಸಿರಲಿಲ್ಲ. ಜ್ವರ ಗೆಳೆಯನ ರುಚಿ, ವಾಸನೆ ಕಸಿದಿದ್ದು ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು.

“ಮಾಮಾ, ಅದು ಹೋಟೆಲ್—” ಎಂದು ಸವಿತಾ ಬಾಯಿ ತೆರೆದಳು.

“ಖಾಜಾಭಾಯಿ ಅಂದಿದ್ದೇ ಖರೇ ಅದ,” ಎಂದೆ ಗಟ್ಟಿಯಾಗಿ. “ಇಡೋ ಮುಂದ ನಾನೇ ಕಪ್ಪು ಬದಲು ಮಾಡೀನಿ. ಅವರನ್ನ ಕೆಡವಲಿಕ್ಕ ನೋಡಿದೆ, ಆಗಲಿಲ್ಲ.”

ಹಮಾಲರು ನಕ್ಕರು. ಗುಮಾಸ್ತ ತಲೆದೂಗಿ ಲಾರಿಯ ಕಡೆ ನಡೆದ. ಖಾಜಾಮಿಯಾ ನಗಲಿಲ್ಲ. ಬೆಟ್ಟದ ಕಪ್ಪನ್ನು ಮತ್ತೆ ಎರಡು ಸಲ ಮೂಗಿಗೆ ಹಿಡಿದು ನೋಡಿ, ಕೆಳಗಿಟ್ಟು ಹೋದರು.

ಮರುದಿನ ಬೆಳಿಗ್ಗೆ ತೊಗರಿಯ ಹರಾಜಿನ ಸವಾಲು ಶುರುವಾಗುವ ಮೊದಲೇ ಬಂದು ನನ್ನ ಪಕ್ಕ ಕುಳಿತರು. ಯಾರಿಗೂ ಕಾಣದಂತೆ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿದರು. ಕಚ್ಚಿದೆ. ಡಾಬಕಾದ್ದೋ, ಪಕ್ಕದ ಊರಿನದೋ? ಇನ್ನೊಂದು ಕಚ್ಚಿದೆ.

“ಡಾಬಕಾ,” ಎಂದೆ ಪಿಸುದನಿಯಲ್ಲಿ.

ಖಾಜಾಮಿಯಾ ಖಚಿತವೇ ಎಂದೂ ಕೇಳಲಿಲ್ಲ. ಎದ್ದು ನಿಂತು, ಇಡೀ ಗಂಜ್‌ಗೆ ಕೇಳುವಂತೆ ಕೂಗಿದರು: “ಡಾಬಕಾ ಮಾಲು!”