ಡೈಮೆಟ್ರಿಕ್ ಗೆರೆಯ ಕೆಳಗೆ

ಕೊರೊನಾ ಕಳೆದ ಮರುವರ್ಷದ ಕಾಫಿ ಕೊಯ್ಲಿನ ಕಾಲ. ಆಗ ನಾನು ಮೂಡಿಗೆರೆಯ ಒಂದು ಫ್ಯಾಬ್ರಿಕೇಷನ್ ವರ್ಕ್‌ಶಾಪಿನಲ್ಲಿ ಡಿಸೈನ್ ಎಂಜಿನಿಯರ್. ಎಸ್ಟೇಟುಗಳಿಗೆ ಬೇಕಾದ ಶೆಡ್ಡು, ಟ್ಯಾಂಕಿನ ಸ್ಟ್ಯಾಂಡು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹಣ್ಣು ಸುರಿಯುವ ತೊಟ್ಟಿ, ಇಂಥವು ನಮ್ಮ ಕೆಲಸ. ಮೆಕ್ಯಾನಿಕಲ್ ಓದಿಯೂ ಇಲ್ಲೇ ಉಳಿದಳಲ್ಲ ಎಂದು ಕೆಲವರು ಕನಿಕರಪಡುತ್ತಿದ್ದರು. ನನಗಂತೂ ಹೆಮ್ಮೆಯೇ ಇತ್ತು. ತಾನೆಳೆದ ಗೆರೆ ಕೆಲವೇ ದಿನಗಳಲ್ಲಿ ಕಬ್ಬಿಣವಾಗಿ ಎದ್ದು ನಿಲ್ಲುವುದನ್ನು ನೋಡುವ ಭಾಗ್ಯ ಎಷ್ಟು ಎಂಜಿನಿಯರುಗಳಿಗಿದೆ?

ನಮ್ಮಲ್ಲೊಂದು ಪದ್ಧತಿಯಿತ್ತು. ಪ್ರತಿ ಡ್ರಾಯಿಂಗನ್ನೂ ಐಸೋಮೆಟ್ರಿಕ್ ಆಗಿಯೇ ಎಳೆಯುವುದು. ಒಂದು ವಸ್ತುವಿನ ಎತ್ತರ, ಅಗಲ, ಆಳ ಮೂರನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಬಗೆಗೆ ಆಕ್ಸನೋಮೆಟ್ರಿಕ್ ಪ್ರೊಜೆಕ್ಷನ್ ಎನ್ನುತ್ತಾರೆ. ಅದರಲ್ಲಿ ಮೂರು ಜಾತಿ. ಮೂರೂ ದಿಕ್ಕಿನ ಗೆರೆಗಳಿಗೆ ಒಂದೇ ಅಳತೆಯಿದ್ದರೆ ಐಸೋಮೆಟ್ರಿಕ್. ಎರಡಕ್ಕೆ ಒಂದು ಅಳತೆ, ಮೂರನೆಯದಕ್ಕೆ ಬೇರೆಯಾದರೆ ಡೈಮೆಟ್ರಿಕ್. ಮೂರಕ್ಕೂ ಬೇರೆ ಬೇರೆಯಾದರೆ ಟ್ರೈಮೆಟ್ರಿಕ್. ಐಸೋಮೆಟ್ರಿಕ್‌ನ ಅನುಕೂಲವೆಂದರೆ, ನಮ್ಮ ಫಿಟ್ಟರ್ ಸುಂದರಣ್ಣ ಯಾವ ಗೆರೆಯ ಮೇಲಾದರೂ ಸ್ಟೀಲ್ ಸ್ಕೇಲ್ ಇಟ್ಟು ಅಳೆದು ಕಬ್ಬಿಣ ಕತ್ತರಿಸಬಹುದು. ಹಾಗೆ ಅಳೆದು ಕಟ್ಟಿದ್ದು ಯಾವತ್ತೂ ಸೋತಿರಲಿಲ್ಲ.

ಬಣಕಲ್ ಹತ್ತಿರದ ಒಂದು ಎಸ್ಟೇಟಿನ ಗೌಡರು ಕರೆಂಟಿನ ಹಾಯ್ಸ್ಟ್ ತರಿಸಿದರು. ಕೆಳಗಿನ ಅಂಗಳದಿಂದ ಹಣ್ಣಿನ ಚೀಲವನ್ನು ಪಲ್ಪರ್ ಇರುವ ಮೇಲಿನ ಅಂತಸ್ತಿಗೆ ಎತ್ತುವ ಯಂತ್ರ ಅದು. ಮೋಟಾರು, ಹೊರಕ್ಕೆ ಚಾಚುವ ತೋಳು ಎರಡೂ ಕಂಪನಿಯಿಂದ ಬಂದವು. ಅವನ್ನು ಹೊರುವ ಕಬ್ಬಿಣದ ಚೌಕಟ್ಟನ್ನು ಮಾತ್ರ ನಾವು ಮಾಡಬೇಕಿತ್ತು. ಚೌಕಟ್ಟಿನ ಬಾಲ ಹಿಂದಕ್ಕೆ ಚಾಚಿಕೊಂಡು, ತುದಿಯಲ್ಲಿ ಕಾಂಕ್ರೀಟ್ ಭಾರ ಹೊತ್ತು, ಮುಂದಿನ ಚೀಲದ ತೂಕವನ್ನು ತಡೆಯಬೇಕು. ಆ ಹೊತ್ತಿಗೆ ನಾನು ಇನ್ನೊಂದು ಕೆಲಸದ ಅಳತೆಗೆಂದು ಕಳಸದಲ್ಲಿದ್ದೆ. ಚೌಕಟ್ಟು ಹೇಗಿರಬೇಕೆಂದು ತೋರಿಸುವ ಕಂಪನಿಯ ಡ್ರಾಯಿಂಗ್ ಗೌಡರ ಫೋನಿನಿಂದ ಪ್ರಿಂಟಾಗಿ ವರ್ಕ್‌ಶಾಪಿಗೆ ಬಂತು. ಅಂಚಿನಲ್ಲಿದ್ದ ಅಂಕಿಗಳೆಲ್ಲ ಕತ್ತರಿಸಿಹೋಗಿ, ಎತ್ತರವೊಂದೇ ಉಳಿದಿತ್ತು. ಸುಂದರಣ್ಣ ಆ ಎತ್ತರದಿಂದ ಚಿತ್ರದ ಒಂದು ಇಂಚಿಗೆ ಎಷ್ಟು ಅಡಿ ಎಂದು ಲೆಕ್ಕ ಹಿಡಿದು, ಉಳಿದ ಗೆರೆಗಳನ್ನು ಎಂದಿನಂತೆ ಅಳೆದು ಚೌಕಟ್ಟು ಮುಗಿಸಿ, ಎಸ್ಟೇಟಿಗೆ ಒಯ್ದು ಕೂರಿಸಿದ. ವೆಲ್ಡಿಂಗ್ ಅಚ್ಚುಕಟ್ಟಾಗಿತ್ತು.

ಕಳಸದಿಂದ ಬಂದವಳು ಕೊನೆಯ ತಪಾಸಣೆಗೆಂದು ನೇರ ಎಸ್ಟೇಟಿಗೆ ಹೋದೆ. ಗೌಡರು ನನಗಾಗಿ ಕಾದಿರಲಿಲ್ಲ. ಹಾಯ್ಸ್ಟ್ ಆಗಲೇ ಒಂದೊಂದೇ ಚೀಲ ಎತ್ತುತ್ತಿತ್ತು. ತೋಳಿನ ನೇರ ಕೆಳಗೆ ನಿಂತು ಕೊಕ್ಕೆ ಹಾಕುತ್ತಿದ್ದವಳು ಗಿರಿಜಕ್ಕ, ಎಸ್ಟೇಟಿನ ಹಳೆಯ ಕೆಲಸದಾಕೆ.

"ಬನ್ನಿ ಮೇಡಮ್ಮ, ನಮ್ಮ ಸೊಂಟ ಉಳೀತು ನೋಡಿ," ಎಂದಳು.

"ಉಳಿದ ಸೊಂಟ ಬಗ್ಗಿಸಿ ಇನ್ನೊಂದು ಚೀಲ ಸೇರಿಸಿ ಹಾಕೇ ಮಾರಾಯ್ತಿ," ಎಂದು ಸುಂದರಣ್ಣ ಮೇಲಿನಿಂದ ನಕ್ಕ.

ನಾನು ಮೇಲೆ ಹತ್ತಿ, ಚೌಕಟ್ಟಿಗೆ ಕಟ್ಟಿದ್ದ ಡ್ರಾಯಿಂಗನ್ನು ಬಿಚ್ಚಿ ನೋಡಿದೆ. ನೋಡಿದ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಐಸೋಮೆಟ್ರಿಕ್‌ನಲ್ಲಿ ಎಡದ ಗೆರೆ, ಬಲದ ಗೆರೆ ಎರಡೂ ಒಂದೇ ಸಮ ವಾಲಿರುತ್ತವೆ. ಇಲ್ಲಿ ಅಗಲದ ಗೆರೆ ಹೆಚ್ಚುಕಡಿಮೆ ಮಲಗಿತ್ತು, ಆಳದ ಗೆರೆ ಕಡಿದಾಗಿ ಏರಿತ್ತು. ಕಾಲೇಜಿನಲ್ಲಿ ಕೈ ನೋಯುವಷ್ಟು ಸಲ ಎಳೆದಿದ್ದೆ: ಒಂದು ಏಳು ಡಿಗ್ರಿ, ಇನ್ನೊಂದು ನಲವತ್ತೆರಡು. ಇದು ಡೈಮೆಟ್ರಿಕ್. ಇದರಲ್ಲಿ ಆಳದ ಗೆರೆಯನ್ನು ಅರ್ಧಕ್ಕೆ ಇಳಿಸಿ ಎಳೆಯುತ್ತಾರೆ. ಬಾಲ ಇದ್ದದ್ದು ಆ ಗೆರೆಯ ಮೇಲೆ. ಎಂಟು ಅಡಿ ಇರಬೇಕಾದ ಬಾಲ ನನ್ನೆದುರು ನಾಲ್ಕೇ ಅಡಿ ಇತ್ತು. ತೋಳು ಮಾತ್ರ ಕಂಪನಿ ಕಳಿಸಿದ ಪೂರ್ತಿ ಉದ್ದದ್ದು. ಒಂದು ಚೀಲಕ್ಕೆ ಹೇಗೋ ತಡೆದರೂ ಎರಡಕ್ಕೆ ಮುಂದಕ್ಕೆ ಮಗುಚೀತು.

ಅಷ್ಟರಲ್ಲಿ ಎರಡು ಚೀಲ ಒಟ್ಟಿಗೆ ಮೇಲೇರತೊಡಗಿದ್ದವು.

"ನಿಲ್ಸಿ! ಗಿರಿಜಕ್ಕ, ಆಚೆ ಬಾ!"

ಮೋಟಾರು ನಿಂತಿತು. ಚೀಲಗಳು ನಡುವೆ ತೂಗಾಡಿದವು. ಗಿರಿಜಕ್ಕ ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. "ಇಷ್ಟೊತ್ತು ಎತ್ತಿದ್ದು ಕಾಣ್ಲಿಲ್ವಾ ನಿಮಗೆ?"

ಅಂಗಳದ ಅಂಚಿನಲ್ಲಿದ್ದ ಗೌಡರಿಗೆ ಸಿಟ್ಟು ಬಂತು. "ಎಂತ ಮೇಡಂ ಇದು? ಇವತ್ತಿನ ಹಣ್ಣು ಇವತ್ತೇ ಪಲ್ಪ್ ಆಗ್ಬೇಕು. ಹುಳಿ ಬಂದ್ರೆ ನೀವು ಕುಡಿತೀರಾ?"

ವಾದಕ್ಕೆ ಹೊತ್ತಿರಲಿಲ್ಲ. ಹಾಯ್ಸ್ಟಿನ ಬುಡದಲ್ಲಿ ಕಂಪನಿಯ ತಟ್ಟೆಯೊಂದಿತ್ತು, ನಾಲ್ಕು ಬೋಲ್ಟಿನದು, ನಾಲ್ಕೂ ಬದಿ ಸಮ. ಅದೇ ತಟ್ಟೆ ಡ್ರಾಯಿಂಗಿನಲ್ಲೂ ಇತ್ತು. ಕಾಗದವನ್ನು ಸುಂದರಣ್ಣನ ಮುಂದೆ ಹಿಡಿದೆ. "ಇದರ ಎರಡು ಬದಿ ಅಳೆದು ನೋಡಿ ಸುಂದರಣ್ಣ."

ಅವನು ಸ್ಕೇಲ್ ಇಟ್ಟ. ಒಂದು ಬದಿ ಇನ್ನೊಂದರ ಅರ್ಧ. ತಿರುಗಿ ಕಬ್ಬಿಣದ ತಟ್ಟೆ ನೋಡಿದ, ಆಮೇಲೆ ಬಾಲ ನೋಡಿದ. ಕೆಳಕ್ಕೆ ಬಾಗಿ ಕೂಗಿದ.

"ಗಿರಿಜಾ, ಈಚೆ ಬಾರೇ! ಓಡು!"

ನನ್ನ ಮಾತಿಗೆ ಅಲುಗದೆ ನಿಂತಿದ್ದವಳು ಅವನ ದನಿಗೆ ಓಡಿದಳು. ಅಂಗಳವನ್ನೆಲ್ಲ ಖಾಲಿ ಮಾಡಿಸಿ, ನಾವೂ ಚೌಕಟ್ಟಿನಿಂದ ದೂರ ಸರಿದೆವು. ಸ್ವಿಚ್ಚಿನ ವೈರು ಎಟಕುವಷ್ಟು ದೂರ ನಿಂತು ಸುಂದರಣ್ಣ ಚೀಲಗಳನ್ನು ಮೆಲ್ಲಗೆ ಇಳಿಸತೊಡಗಿದ. ಅರ್ಧ ಇಳಿದಿರಬೇಕು, ಕರೆಂಟು ಹೋಯಿತು. ನಮ್ಮ ಕಡೆ ಅದೇನು ಹೊಸತಲ್ಲ. ಆದರೆ ಕರೆಂಟು ಹೋದೊಡನೆ ಹಾಯ್ಸ್ಟಿನ ಬ್ರೇಕು ಗಕ್ಕನೆ ಹಿಡಿಯುತ್ತದೆ. ಆ ಜಗ್ಗಿಗೆ ಬಾಲ ಎದ್ದಿತು. ಕಾಂಕ್ರೀಟ್ ಭಾರ ನೆಲ ಬಿಟ್ಟಿದ್ದನ್ನು ಕಣ್ಣಾರೆ ಕಂಡೆ. ಮರುಕ್ಷಣ ಇಡೀ ಚೌಕಟ್ಟು ಮಗುಚಿ ಅಂಗಳಕ್ಕೆ ಬಿತ್ತು. ತೋಳು ಬಡಿದ ಕಡೆ ಚಪ್ಪಡಿ ಎರಡು ಹೋಳಾಗಿತ್ತು. ಅದರ ಪಕ್ಕ ಗಿರಿಜಕ್ಕ ಬಿಟ್ಟು ಓಡಿದ್ದ ಒಂದು ಚಪ್ಪಲಿ.

ಗೌಡರು ಸುಂದರಣ್ಣನ ಮೇಲೆ ತಿರುಗಿದಾಗ ನಾನು ಅಡ್ಡ ನಿಂತೆ. "ಅವರು ಅಳೆದದ್ದರಲ್ಲಿ ತಪ್ಪಿಲ್ಲ ಗೌಡ್ರೇ. ಹಾಗೆ ಅಳೆಯೋ ಜಾತಿಯ ಚಿತ್ರ ಅದಲ್ಲ."

ಆ ಸದ್ದು ಈಗಲೂ ಕೆಲಸದ ನಡುವೆ ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ, ನಾನು ಆ ಕಾಗದವನ್ನು ಬಿಚ್ಚದೆ ಬೋಲ್ಟಷ್ಟೇ ನೋಡಿ ಕೆಳಗಿಳಿದು ಬಂದಂತೆ, ಗಿರಿಜಕ್ಕ ಅಲ್ಲೇ ನಿಂತಿದ್ದಂತೆ ಕಾಣುತ್ತದೆ. ಆಮೇಲೆ, ಬಿಚ್ಚಿದೆನಲ್ಲ, ಗುರುತಿಸಿದೆನಲ್ಲ ಎಂಬುದು ನೆನಪಾಗಿ ಉಸಿರು ನೆಟ್ಟಗಾಗುತ್ತದೆ. ಪರೀಕ್ಷೆಗೆಂದು ಕಲಿತ ಒಂದು ಪಾಠ ಒಂದು ಜೀವ ಉಳಿಸಿತು ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೊರಗಿನ ಡ್ರಾಯಿಂಗ್ ಬಂದರೆ ಕಬ್ಬಿಣ ಕತ್ತರಿಸುವ ಮೊದಲು ಅದರಲ್ಲೊಂದು ಚೌಕ ಹುಡುಕಿ ಎರಡೂ ಬದಿ ಅಳೆಯುವುದು ಈಗ ನಮ್ಮ ವರ್ಕ್‌ಶಾಪಿನ ನಿಯಮ. "ಮೇಡಂ, ಇದು ಐಸೋನಾ, ಡೈನಾ?" ಎಂದು ಸುಂದರಣ್ಣ ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ.

ಕಾಗದದ ಮೇಲಿನ ಗೆರೆ ಕಾಗದದಲ್ಲಿ ಮುಗಿಯುವುದಿಲ್ಲ, ಯಾರದೋ ತಲೆಯ ಮೇಲೆ ಹೋಗಿ ನಿಲ್ಲುತ್ತದೆ. ಈ ಕೆಲಸ ನನಗೆ ಕಲಿಸಿದ್ದು ಇದನ್ನೇ. ಎಂಟಡಿ ಬಾಲದ ಹೊಸ ಚೌಕಟ್ಟು ಕೂರಿಸಿದ ದಿನ ಮೊದಲು ಯಾರೂ ಕೆಳಗಿಲ್ಲದೆ ಮೂರು ಚೀಲ ಒಟ್ಟಿಗೆ ಎತ್ತಿಸಿ, ನಡುವೆ ಬೇಕೆಂದೇ ಕರೆಂಟು ತೆಗೆಸಿ ನೋಡಿದೆ. ಬಾಲ ಅಲುಗಲಿಲ್ಲ. ಆಗ ಗಿರಿಜಕ್ಕ ಅಂಗಳದ ಅಂಚಿನಿಂದ ಗೌಡರನ್ನಲ್ಲ, ಸುಂದರಣ್ಣನನ್ನಲ್ಲ, ನನ್ನನ್ನು ಕೇಳಿದಳು.

"ಮೇಡಮ್ಮ, ನಿಂತ್ಕೊಳ್ಲಾ?"

"ನಿಂತ್ಕೊ ಗಿರಿಜಕ್ಕ," ಎಂದೆ.

ಅವಳು ಮೇಲೆ ನೋಡದೆ ಹೋಗಿ ನಿಂತು, ಕೊಕ್ಕೆಗೆ ಕೈ ಹಾಕಿದಳು.