ಒಡಪಿಲ್ಲದ ಹೆಸರು

ಗೆಳತಿಯರೇ, ನಾಳೆ ನನ್ನ ಮೊದಲ ಸ್ಪೋಕನ್ ಇಂಗ್ಲಿಷ್ ಪರೀಕ್ಷೆ. ಇವತ್ತು ಬೈಲಹೊಂಗಲದ ಕ್ಲಾಸಿನಲ್ಲಿ ಟೀಚರೇ ಪರೀಕ್ಷಕರಾಗಿ ಕೂತು ತಾಲೀಮು ಮಾಡಿಸಿದರು. ನನ್ನ ಹೆಸರು, ಊರು, ಇಷ್ಟದ ಅಡುಗೆ ಎಲ್ಲವನ್ನೂ ಪಟಪಟ ಹೇಳಿದೆ.

"ವಾಟ್ ಈಸ್ ಯುವರ್ ಹಸ್ಬೆಂಡ್ಸ್ ನೇಮ್?" ಎಂದರು.

ಗಂಡನ ಹೆಸರನ್ನು ಬರಿದೇ ಹೇಳಬಾರದೆಂದು, ಮದುವೆಯಾದಾಗಿನಿಂದ ಅದನ್ನು ಒಡಪಿನ ಪ್ರಾಸದ ಸಾಲುಗಳೊಳಗೆ ಸೇರಿಸಿಯೇ ಹೇಳಿದವಳು ನಾನು.

"ಉತ್ತರ ಗೊತ್ತಿಲ್ಲೇನ್ರಿ?"

"ಗೊತ್ತೈತ್ರಿ ಟೀಚರ್. ಆದ್ರ ಬರೇ ಹೆಸರ ಹೆಂಗ ಹೇಳ್ಲಿರಿ?"

ಹಿಂದಿನ ಬೆಂಚಿನವರು, "ಒಡಪ ಹಾಕ್ರಿ ಅಕ್ಕಾರ" ಎಂದರು. ಸೆರಗು ಸರಿಮಾಡಿಕೊಂಡು ಅಚ್ಚ ಕನ್ನಡದಲ್ಲಿ ಹಾಕಿಯೇಬಿಟ್ಟೆ. ಕ್ಲಾಸು ಚಪ್ಪಾಳೆ ತಟ್ಟಿತು, ಟೀಚರ್ ಸೊನ್ನೆ ಕೊಟ್ಟರು.

ಈಗ ಇಂಗ್ಲಿಷಿನಲ್ಲೇ ಒಂದು ಒಡಪು ಕಟ್ಟುತ್ತ ಕೂತಿದ್ದೇನೆ. ನಮ್ಮ ಮನೆಯವರ ಹೆಸರಿಗೆ ಪ್ರಾಸ ಕೂಡುವ ಇಂಗ್ಲಿಷ್ ಶಬ್ದ ಗೊತ್ತಿದ್ದವರು ಕೆಳಗೆ ಬರೆಯಿರಿ. ಹೆಸರೇನು ಎಂದು ಮಾತ್ರ ಕೇಳಬೇಡಿ.