ಎಲುಬಿನ ಮಾಸ್ತರರು

ಗದಗದ ನಮ್ಮ ಕಾಲೇಜಿನಲ್ಲಿ ಪುರಾತತ್ವ ಕಲಿಸುವ ದಾವಲಸಾಬ ಮಾಸ್ತರರಿಗೆ ಮನುಷ್ಯರ ಮುಖ ನೆನಪಿರುವುದಿಲ್ಲ, ಎಲುಬು ನೆನಪಿರುತ್ತದೆ. ಬೆಟಗೇರಿ ಬಸ್ಸಿನಲ್ಲಿ ಪಕ್ಕ ಕುಳಿತವರ ಹೆಗಲು ನೋಡಿ, "ಹಮಾಲಿ ಮಾಡೀರೇನ್ರಿ?" ಎಂದು ಕೇಳಿಬಿಡುತ್ತಾರೆ. ಬೀಗತಿಯ ಮೊಣಕಾಲು ಕಟಕಟ ಎಂದರೆ ಸಾಕು, ಊಟ ಬಿಟ್ಟು, "ನೆಲಕ್ಕ ಕುಂತು ಭಾಳ ರೊಟ್ಟಿ ಬಡದೀರಿ ಬಿಡ್ರಿ" ಎಂದು ಕೈ ಮುಗಿಯುತ್ತಾರೆ. ಪ್ರಯೋಗಾಲಯದಲ್ಲಿ ಮಾತ್ರ ಅವರ ದನಿ ಮೆತ್ತಗಾಗುತ್ತದೆ. ನೆಲ ಅಗೆದಾಗ ಸಿಕ್ಕ ಸಾವಿರಾರು ವರ್ಷದ ಅಸ್ಥಿಪಂಜರಗಳೆಲ್ಲ ಅವರಿಗೆ ಅಕ್ಕ, ಕಾಕಾ. "ಈ ಅಕ್ಕ ಮಣಕಾಲೂರಿ ಕಾಳು ಅರದಾಳ, ಕಾಲ್ಬೆರಳು ಹೆಂಗ ಸವದಾವ ನೋಡ್ರಿ. ಈ ಕಾಕಾ ತಲಿ ಮ್ಯಾಲ ಭಾಳ ಹೊತ್ತಾನ, ಕುತಗಿ ಎಲುಬು ಕುಗ್ಗ್ಯಾವ." ಎಲ್ಲರಿಗೂ ಹತ್ತಿ ಹಾಸಿದ ಪೆಟ್ಟಿಗೆ, ಒಂದು ತಲೆಬುರುಡೆಗೆ ಮಾತ್ರ ತಮ್ಮೂರು ಶಿಗ್ಲಿಯ ಮನೆಯಲ್ಲಿ ಅವರ ತಾಯಿ ಹೊಲಿದಿದ್ದ ಹಳೆಯ ಕೌದಿಯ ತುಂಡು. ಆ ಬುರುಡೆಯ ಮುಂದಿನ ಹಲ್ಲಿನಲ್ಲಿ ಸಣ್ಣದೊಂದು ಕಚ್ಚು ಇದೆ. "ಈಕಿ ಸೂಜಿ ದಾರ ಹಿಡದಾಕಿ. ದಾರ ಕಡದು ಕಡದು ಹಲ್ಲು ಹಿಂಗಾಗೇತಿ" ಎನ್ನುತ್ತಾರೆ. ಈ ವರ್ಷ ವನಿತಾ ಎಂಬ ವಿದ್ಯಾರ್ಥಿನಿ ಬಿಡದೆ ಕೇಳಿದಳು: "ದಾರದ್ದ ಅಂತ ಅಷ್ಟು ಖಾತ್ರಿ ಹೆಂಗ ಹೇಳ್ತೀರಿ ಸರ್? ಪುಸ್ತಕದಾಗ ಐತೇನ್ರಿ?" ಮಾಸ್ತರರು ಕೌದಿಯ ಹೊಲಿಗೆಯ ಮೇಲೆ ಬೆರಳಾಡಿಸಿದರು. "ನಮ್ಮವ್ವ ನಕ್ಕಾಗ ಇಂಥಾದ್ದ ಕಚ್ಚು ಕಾಣತಿತ್ತವಾ."